ಗೇಟಿನಲ್ಲಿ ನಿಂತ ಅತ್ತೆ

ಇವತ್ತು ಬೆಳಿಗ್ಗೆ ಹುಣಸೆಯ ಗಡಿಗೆಗೆ ಕೈ ಹಾಕಿದಾಗ ಬೆರಳಿಗೆ ತಳ ತಗುಲಿತು. ನಾಳೆ ಮಹಾಲಯ ಅಮಾವಾಸ್ಯೆ. ಎಡೆಗೆ ಇಡುವ ಗೊಜ್ಜಿಗೆ ಆಗುವಷ್ಟು ಒಂದು ಹಿಡಿ ಸಿಕ್ಕಿತು, ಅಷ್ಟೇ. ಅತ್ತೆ ತಮ್ಮ ಕೊನೆಯ ಬೇಸಿಗೆಯಲ್ಲಿ ಬೀಜ, ನಾರು ತೆಗೆದು, ಕಲ್ಲುಪ್ಪು ಬೆರೆಸಿ, ಒತ್ತಿ ಒತ್ತಿ ತುಂಬಿಟ್ಟ ಹಣ್ಣು ಅದು. ಈಗ ಕಾಡಿಗೆಯ ಹಾಗೆ ಕಪ್ಪಾಗಿದೆ. ಹುಣಸೆಗೆ ಮುಪ್ಪಾದರೂ ಹುಳಿಗೆ ಮುಪ್ಪೇ ಎಂದು ಅತ್ತೆ ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಿದ್ದರು. ಸೊಸೆಯಾದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಾವು ಈ ವಿಲ್ಲಾಕ್ಕೆ ಬಂದ ವರ್ಷದ ಮಳೆಗಾಲ ಪೂರ್ತಿಯಾಗಿ ಎದುರು ಬಂದು ನಿಂತುಬಿಟ್ಟಿತು.

ನಮ್ಮದು ಆಂಧ್ರದ ಗಡಿಯ ಹಿಂದೂಪುರದ ಹುಣಸೆ ವ್ಯಾಪಾರದ ಮನೆ. ಹಳೇ ಬಜಾರಿನಲ್ಲಿ ಕೆಳಗೆ ಮಂಡಿ, ಮೇಲೆ ಮನೆ. ಸುಗ್ಗಿಯಲ್ಲಿ ಅಂಗಳದ ತುಂಬ ಹೆಂಗಸರು ಕೂತು ಹಣ್ಣು ಜಜ್ಜಿ ಬೀಜ ಬಿಡಿಸುವ ಸದ್ದು ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ನಾನು ಕಲ್ಯಾಣದುರ್ಗದವಳು. ಮದುವೆಯಾಗಿ ಬಂದ ಹೊಸದರಲ್ಲಿ, ಇಲ್ಲಿ ಸೀರೆ, ತಲೆಗೂದಲು, ಕುಡಿಯುವ ನೀರು ಎಲ್ಲವೂ ಹುಳಿ ವಾಸನೆ ಹೊಡೆಯುತ್ತವೆ ಎಂದು ತವರಿಗೆ ಫೋನು ಮಾಡಿ ಅತ್ತಿದ್ದೆ. ಮಾವ ಮಲ್ಲಪ್ಪನವರು ಸಂಜೆ ಮಂಡಿ ಮುಚ್ಚಿ ಕಲ್ಲಿನ ಮೆಟ್ಟಿಲು ಹತ್ತಿ ಬರುವರು. ಮೇಲಿನ ಮೆಟ್ಟಿಲಲ್ಲಿ ನಿಂತು ಒಮ್ಮೆ ಕೆಮ್ಮಿ, "ಬಂದೆ ಕಣೇ" ಅನ್ನುವರು. ಅತ್ತೆ ಗೌರಮ್ಮ ಅದಕ್ಕೆ ಬಾಯಿಬಿಟ್ಟು ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ. ಒಳಗೆ ನೀರಿನ ಲೋಟ ಕುಕ್ಕಿದ ಸದ್ದಾಗುತ್ತಿತ್ತು. ಅವರಿಬ್ಬರ ಸಂಸಾರದ ಮಾತುಕತೆ ಬಹುಪಾಲು ಅದರಲ್ಲೇ ಮುಗಿಯುತ್ತಿತ್ತು.

ಅತ್ತೆ ತೀರಿಕೊಂಡ ಮೇಲೂ ಮಾವ ಆ ರೂಢಿ ಬಿಡಲಿಲ್ಲ. ಮೆಟ್ಟಿಲು ಹತ್ತುವರು, ಕೆಮ್ಮುವರು, "ಬಂದೆ ಕಣೇ" ಅನ್ನುವರು. ಆ ಮನೆಯಲ್ಲಿ ಅದು ವಿಚಿತ್ರ ಅನಿಸುತ್ತಲೂ ಇರಲಿಲ್ಲ. ಮಧ್ಯಾಹ್ನ ಗಾಳಿಯೇ ಇಲ್ಲದ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲ ಸರಪಳಿ ಅಲ್ಲಾಡುತ್ತಿತ್ತು. ಸಾರಿಗೆ ಉಪ್ಪು ಮರೆತ ದಿನ ಬೆನ್ನ ಹಿಂದೆ ಯಾರೋ ನಿಂತಂತಾಗಿ ನನ್ನ ಕುತ್ತಿಗೆ ಬಿಸಿಯಾಗುತ್ತಿತ್ತು. ಸತ್ತ ಮೇಲೂ ಬಿಡದಲ್ಲಪ್ಪ ಈ ಅತ್ತೆ ಎಂದು ಗೊಣಗುತ್ತಲೇ ನಾನು ಉಪ್ಪು ಹಾಕುತ್ತಿದ್ದೆ.

ವಿಲ್ಲಾದ ಆಸೆ ನನ್ನದು. ಬೆಂಗಳೂರು ರಸ್ತೆಯ ಕಡೆ ಎತ್ತರದ ಕಾಂಪೌಂಡು ಕಟ್ಟಿ, ಒಳಗೆ ಒಂದನ್ನು ಮೀರಿಸುವಂತೆ ಇನ್ನೊಂದು ಮನೆ ಎಬ್ಬಿಸಿದ್ದರು. ಊರಿನ ಹಣವಂತರೆಲ್ಲ, ರೇಷ್ಮೆಯವರು, ಗ್ರಾನೈಟಿನವರು, ನರ್ಸಿಂಗ್ ಹೋಮಿನ ಡಾಕ್ಟರು, ಒಬ್ಬರ ಹಿಂದೊಬ್ಬರು ಹಳೇ ಬೀದಿ ಬಿಟ್ಟು ಅಲ್ಲಿಗೆ ಹೋಗಿ ಸೇರಿಕೊಂಡರು. ಕೆಲವು ಮನೆ ಬೆಂಗಳೂರಿನವರದು. ಅವರು ಭಾನುವಾರ ಬಂದು, ಬಾಗಿಲು ತೆಗೆದು ಗಾಳಿಯಾಡಿಸಿ, ಸಂಜೆಗೆ ಹೊರಟುಹೋಗುವರು. ಹುಲ್ಲಿಗೆ ನೀರು ತಾನಾಗಿ ಚಿಮ್ಮುತ್ತದೆ. ದಾರಿಯ ದೀಪಗಳು ಯಾರಾದರೂ ನಡೆದರೆ ಮಾತ್ರ ಹತ್ತಿಕೊಂಡು, ಅವರು ದಾಟಿದ ಮೇಲೆ ಆರುತ್ತವೆ. ಮುಂಬಾಗಿಲಿಗೆ ಬೀಗದ ಕೈಯೇ ಇಲ್ಲ, ಬೆರಳಿಟ್ಟರೆ ತೆರೆದುಕೊಳ್ಳುತ್ತದೆ. ಹುಳಿ ವಾಸನೆಯಿಲ್ಲದ ಒಂದು ಅಡುಗೆಮನೆ ಬೇಕು ಎಂದು ನಾನು ಗಂಡನ ತಲೆ ತಿಂದೆ. ನಮ್ಮವರು, ವೀರೇಶ, ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ಮನುಷ್ಯ. ಈ ಒಂದು ವಿಷಯದಲ್ಲಿ ಮಾತ್ರ ಬೇಗ ಒಪ್ಪಿದರು. ವ್ಯಾಪಾರ ಮಾರ್ಕೆಟ್ ಯಾರ್ಡಿನ ಹೊಸ ಗೋಡೌನಿಗೆ ಹೋಯಿತು. ಬಜಾರಿನ ಮನೆಯನ್ನು ಎದುರು ಮಂಡಿಯ ಈರಣ್ಣನವರು ಕೊಂಡರು. ಎಂದೋ ಒಂದು ತಕ್ಕಡಿಯ ಜಗಳಕ್ಕೆ ಅವರಿಗೂ ಮಾವನಿಗೂ ಮಾತು ನಿಂತುಹೋಗಿ ವರ್ಷಗಳಾಗಿದ್ದವು. ಮಾರಾಟದ ಮಾತೂ ದಲ್ಲಾಳಿಯ ಬಾಯಲ್ಲೇ ನಡೆಯಿತು.

ಅತ್ತೆಯ ವರ್ಷ ತುಂಬಿದ ಮೇಲೆ, ಶ್ರಾವಣದಲ್ಲಿ ಗೃಹಪ್ರವೇಶ. ಮುಹೂರ್ತ ನಸುಕಿಗಿತ್ತು. ಹೊರಗೆ ತುಂತುರು ಮಳೆ. ಕರೆತಂದ ಹಸು ಇಟಾಲಿಯನ್ ಮಾರ್ಬಲ್ಲಿನ ಮೇಲೆ ಕಾಲಿಡಲು ಒಲ್ಲೆ ಅಂದಿತು. ಹೊಳೆಯುವ ನೆಲದಲ್ಲಿ ತನ್ನ ಮುಖವನ್ನೇ ನೋಡಿ ಹಿಂದೆ ಸರಿಯಿತು. ಕೊನೆಗೆ ಮಂಡಿಯ ಗೋಣಿಚೀಲಗಳನ್ನು ತರಿಸಿ ಹಾಸಿದೆವು. ಹುಣಸೆಯ ವಾಸನೆ ಮೂಸಿಕೊಂಡು ಹಸು ಒಳಗೆ ಬಂತು. ಗ್ರಾನೈಟಿನವರ ಹೆಂಡತಿ ಕರವಸ್ತ್ರ ಮೂಗಿಗೆ ಹಿಡಿದು ನಕ್ಕರು. ನನಗೆ ನಾಚಿಕೆಯಾಯಿತು.

ಮರುದಿನ ಸಂಜೆ ಮಾವ ಯಾರ್ಡಿನಿಂದ ಬಂದರು. ಹೊಸ ಮನೆಯ ದೊಡ್ಡ ಹಾಲಿನಲ್ಲಿ ನಿಂತು ಒಮ್ಮೆ ಕೆಮ್ಮಿದರು. "ಬಂದೆ ಕಣೇ."

ಆ ಎತ್ತರದ ಸೂರಿನಲ್ಲಿ ಅವರ ದನಿಯೇ ಒಂದು ಸುತ್ತು ಹೊಡೆದು ಅವರ ಹತ್ತಿರಕ್ಕೆ ವಾಪಸು ಬಂತು. ಮಾವ ಅಲ್ಲೇ ನಿಂತರು. ಕೆನ್ನೆಗೆ ಏಟು ತಿಂದವರಂತೆ ಮುಖ ಮಾಡಿಕೊಂಡು ನನ್ನ ಕಡೆ ತಿರುಗಿದರು.

"ಶೈಲೂ, ಬರೋವಾಗ ನಿಮ್ಮತ್ತೇನ ಯಾರಮ್ಮ ಕರೆದ್ರು?"

ಮನೆ ಬಿಡುವಾಗ ನಮ್ಮಲ್ಲೊಂದು ಪದ್ಧತಿ. ದೇವರ ಪೆಟ್ಟಿಗೆ, ದೀಪ, ವಿಭೂತಿ ಗಟ್ಟಿ ಎಲ್ಲ ಹೊರಟ ಮೇಲೆ ಮನೆಯವರೊಬ್ಬರು ಹೊಸ್ತಿಲಲ್ಲಿ ದೀಪ ಹಿಡಿದು ನಿಂತು, ಖಾಲಿ ಮನೆಯೊಳಗೆ ನೋಡಿ, ತೀರಿಹೋದ ಹಿರಿಯರನ್ನು ಕರೆಯಬೇಕು. ನಾವು ಹೊರಟೆವು, ನೀವೂ ಬನ್ನಿ ಅನ್ನಬೇಕು. ಕರೆಯದಿದ್ದರೆ ಅವರು ಅಲ್ಲೇ ಉಳಿದುಬಿಡುತ್ತಾರೆ. ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮುಹೂರ್ತದ ಗಡಿಬಿಡಿಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ಕರೆದಿರುತ್ತಾರೆ ಅಂದುಕೊಂಡಿದ್ದೆವು.

"ನಾನು ಹಸ ಹಿಡ್ಕೊಂಡು ಮುಂದಾಗಿ ಬಂದ್ಬುಟ್ಟೆ," ಅಂದರು ಮಾವ. "ಅಯ್ಯೋ ಶಿವನೇ. ಹುಣಸೆ ಗಡಿಗೆ ತಂದ್ವಿ, ಮುರುದೋದ ಮೊರಾನೂ ತಂದ್ವಿ. ಅವಳ್ನ ಬಿಟ್ಬಂದ್ವಲ್ಲ."

"ಅವ್ವ ಬತ್ತಾಳೆ ಬಿಡಪ್ಪ," ಅಂದರು ನಮ್ಮವರು. "ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ?"

"ನಿಮ್ಮವ್ವ ಕರೀದೆ ಎಲ್ಲಿಗೂ ಬರೋಳಲ್ಲ ಕಣ್ಲಾ. ಬಾಗ್ಲಿಗೆ ಬಂದು ಕರೀಲಿಲ್ಲ ಅಂತ ತವರುಮನೆ ಮದ್ವೆಗೇ ಹೋಗ್ಲಿಲ್ಲ ಅವಳು."

ಅತ್ತೆಯನ್ನು ಮಣ್ಣು ಮಾಡಿದ್ದು ಸೋಮಂದೇಪಲ್ಲಿ ದಾರಿಯ ನಮ್ಮ ಹೊಲದಲ್ಲಿ. ಅವರು ಅಲ್ಲಿದ್ದಾರಲ್ಲ ಮಾವ ಎಂದು ನಾನು ಸಮಾಧಾನಕ್ಕೆ ಅಂದೆ.

"ಹೊಲ್ದಾಗಿರೋದು ಮೈ ಕಣಮ್ಮ. ಅವಳಿರೋದು ಮನೇಲಿ."

ಆ ಮನೆಗೆ ಆಗಲೇ ಈರಣ್ಣನ ಬೀಗ ಬಿದ್ದಿತ್ತು. ದಸರಾ ಕಳೆದ ಮೇಲೆ ಕೆಡವಿ ಬಟ್ಟೆ ಶೋರೂಮು ಕಟ್ಟಿಸುತ್ತಾರಂತೆ. ಬೀಗದ ಕೈ ಕೇಳೋಣ ಎಂದರೆ ಮಾವ ಒಪ್ಪಲಿಲ್ಲ. "ಅವನ ಮುಂದೆ ಕೈಯೊಡ್ಡಿ ನಿಲ್ಲಾಕೆ ನನ್ನ ಕೈಲಾಗಲ್ಲ" ಎಂದು ಅಷ್ಟಕ್ಕೇ ಮಾತು ಮುಗಿಸಿದರು. ಹುಣಸೆ ವ್ಯಾಪಾರಿಯ ಹಟ.

ಆ ಮಳೆಗಾಲ ಮಾವ ಕರಗಿದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಮೆಟ್ಟಿಲಿಗೂ ದಾರಿಯಲ್ಲಿರುವಂಥದೇ ದೀಪಗಳು, ಯಾರಾದರೂ ಕಾಲಿಟ್ಟರೆ ಹತ್ತಿಕೊಳ್ಳುತ್ತವೆ. ಮುಸ್ಸಂಜೆ ಹಾಲಿನ ದೀಪಗಳನ್ನೆಲ್ಲ ಆರಿಸಿ, ಸೋಫಾದ ತುದಿಯಲ್ಲಿ ಕೂತು, ಮಾವ ಆ ಮೆಟ್ಟಿಲನ್ನೇ ನೋಡುವರು. ದೀಪ ತಾನಾಗಿ ಒಮ್ಮೆ ಹತ್ತಲಿ ಎಂದು ಕಾಯುವರು. ಹತ್ತುತ್ತಿರಲಿಲ್ಲ. ದೆವ್ವವಿದೆ ಎಂದು ಹೆದರುವ ಮನೆಗಳನ್ನು ನಾನು ಕೇಳಿದ್ದೇನೆ. ಇಲ್ಲ ಎಂದು ಹೆದರಿದ ಮನೆ ನಮ್ಮದೊಂದೇ ಇರಬೇಕು. ಆ ಹೆದರಿಕೆ ನನಗೂ ಅಂಟಿತು. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಒಲೆಯ ಮುಂದೆ ನಿಂತೆ. ಹಿಂದೆ ಯಾರೂ ಬರಲಿಲ್ಲ. ಕುತ್ತಿಗೆ ತಣ್ಣಗೇ ಇತ್ತು. ನಾನು ಕೇಳಿ ಪಡೆದ ಆ ಚೆಂದದ, ವಾಸನೆಯಿಲ್ಲದ ಅಡುಗೆಮನೆಯಲ್ಲಿ ನಿಂತು, ಇಪ್ಪತ್ತೆಂಟು ಕೊಂಕು ತೆಗೆಯುತ್ತಿದ್ದ ಅತ್ತೆಗಾಗಿ ನಾನು ಅತ್ತೆ. ಅವರು ಬದುಕಿದ್ದಾಗ ಇದನ್ನು ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಭಾದ್ರಪದ ಹತ್ತಿರವಾದಂತೆ ಮಾವನಿಗೆ ಒಂದು ಆಸೆ ಹುಟ್ಟಿತು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರು ಕರೆಯದಿದ್ದರೂ ಬರುತ್ತಾರೆ. ಹಸಿದು, ಮಕ್ಕಳ ಮನೆ ಹುಡುಕಿಕೊಂಡು ಬರುತ್ತಾರೆ. ಅವತ್ತೊಂದು ದಿನ ಅವಳೂ ಹಟ ಬಿಟ್ಟು ಬಂದಾಳು ಎಂದು ಮಾವ ಲೆಕ್ಕ ಹಾಕಿದರು. ಆದರೆ ಗೇಟು? ನಮ್ಮ ಗೇಟಿನಲ್ಲಿ ಅಡ್ಡಗೋಲು ಇದೆ. ಬಂದವರು ಯಾರ ಮನೆಗೆಂದು ಹೇಳಬೇಕು. ಗಾರ್ಡು ಆ ಮನೆಗೆ ಇಂಟರ್‌ಕಾಮ್ ಮಾಡುತ್ತಾನೆ. ಮನೆಯವರು ಹೂಂ ಅಂದರೆ ಮಾತ್ರ ಗೋಲು ಮೇಲೇಳುತ್ತದೆ.

ಒಂದು ಸಂಜೆ ಮಾವ ನನ್ನನ್ನೂ ಕರೆದುಕೊಂಡು ಗೇಟಿಗೆ ಹೋದರು. ಗಾರ್ಡು ತಿಪ್ಪೇಸ್ವಾಮಿ ನನ್ನ ತವರಿನ ಪಕ್ಕದ ಬ್ರಹ್ಮಸಮುದ್ರದವನು. ನಾನು ಕಲ್ಯಾಣದುರ್ಗದವಳು ಎಂದು ಗೊತ್ತಾದ ದಿನದಿಂದ ಅವನಿಗೆ ನಾನು ಅಕ್ಕ. ಜಿನುಗುವ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ.

"ತಿಪ್ಪೇಸ್ವಾಮಿ, ಅಮಾಸೆ ದಿನ ನಮ್ಮನೆಗೊಬ್ರು ಬತ್ತಾರೆ. ಒಳಕ್ಕೆ ಬಿಡಪ್ಪ."

"ಸರೇ ಅಪ್ಪಾರೆ. ಯಾರಂತ?"

"ಗೌರಮ್ಮ ಅಂತ. ಹಸಿರು ಸೀರೆ ಉಟ್ಟಿರ್ತಾಳೆ. ಹಣೆ ತುಂಬ ವಿಭೂತಿ, ಅದರ ಮೇಲೆ ಕಾಸಗಲ ಕುಂಕುಮ. ಹುಣಸೆಹಣ್ಣು ಹಿಡ್ದು ಹಿಡ್ದು ಬೆರಳೆಲ್ಲ ಕರ್ರಗಿರ್ತವೆ. ಓದಾಕೆ ಬರಲ್ಲ, ಮನೆ ನಂಬರು ಹೇಳಾಕೆ ಗೊತ್ತಾಗಲ್ಲ. ಹುಣಸೆ ಮಂಡಿಯೋರ ಮನೆ ಎಲ್ಲಿ ಅಂತ ಕೇಳ್ತಾಳೆ."

"ಎಲ್ಲಿಂದ ಬತ್ತಾರೆ?"

"ಇಲ್ಲೇ, ಹಳೇ ಬಜಾರಿಂದ."

"ಆಟೋದಾಗಾ?"

"ನಡ್ಕೊಂಡು ಬತ್ತಾಳೆ. ಅವಳು ಆಟೋಗೆ ಕಾಸು ಬಿಚ್ಚೋಳಲ್ಲ."

ನಾನು ಎತ್ತಲೋ ನೋಡುತ್ತ ನಿಂತಿದ್ದೆ. ಇನ್ನೇನು ಇವನು ನಗುತ್ತಾನೆ, ನಾಳೆ ವಿಲ್ಲಾದ ಹೆಂಗಸರ ಬಾಯಲ್ಲೆಲ್ಲ ಇದೇ ಮಾತು ಅಂದುಕೊಂಡೆ. ತಿಪ್ಪೇಸ್ವಾಮಿ ಮಾವನ ಮುಖ ನೋಡಿ, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾರು ತೀರ್ಕೊಂಡು ಎಷ್ಟು ದಿನ ಆಯ್ತು ಅಪ್ಪಾರೆ?"

"ಇದು ಎರಡನೇ ಮಾಲಯ ಅಮಾಸೆ ಕಣಪ್ಪ."

"ಬರಲಿ ಬಿಡಿ. ನಾನು ಗೋಲೆತ್ತಿ ನಿಂತಿರ್ತೀನಿ."

ಆ ರಾತ್ರಿ ಮಾವ ಎರಡು ಮುದ್ದೆ ಉಂಡರು.

ಅಮಾವಾಸ್ಯೆಯ ದಿನ ಬೆಳಗಿನಿಂದ ಮೋಡ ಮುಚ್ಚಿಕೊಂಡಿತ್ತು. ಹೋಳಿಗೆ, ಗೊಜ್ಜು, ಕಡಲೆಕಾಳ ಉಸಲಿ, ಅತ್ತೆಗೆ ಇಷ್ಟವಾದ ಹಾಗಲಕಾಯಿ. ಗೊಜ್ಜಿಗೆ ಅವರ ಗಡಿಗೆಯ ಹುಣಸೆಯೇ. ಹೊಸ ಹಸಿರು ಸೀರೆಯನ್ನು ಮಡಿಕೆ ಬಿಚ್ಚದೆ ಎಲೆಯ ಪಕ್ಕ ಇಟ್ಟೆವು. ಸೂರಿನಲ್ಲಿರುವ ಹೊಗೆಯ ಗಂಟೆ ಕೂಗದಿರಲಿ ಎಂದು ನಮ್ಮವರು ಏಣಿ ಹತ್ತಿ ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದರು. ಸಾಂಬ್ರಾಣಿ ಹಾಕಿದೆ. ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕು. ಹಿರಿಯರು ನಮ್ಮೆದುರು ಉಣ್ಣುವುದಿಲ್ಲ. ಅವರು ಉಂಡು ಮುಗಿಸುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಗೆ ಹೋಗುವುದು ವಾಡಿಕೆ. ಮಾವ, ನಮ್ಮವರು, ನಾನು ಮೂವರೂ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತೆವು. ನಮ್ಮ ಹಿಂದೆ ಬಾಗಿಲು ಕಟಕ್ಕೆಂದು ತಾನೇ ಬೀಗ ಹಾಕಿಕೊಂಡಿತು.

ಆಗ ಒಳಗೆ ಇಂಟರ್‌ಕಾಮ್ ಬಡಿದುಕೊಂಡಿತು.

ಮೂವರೂ ಮುಖ ಮುಖ ನೋಡಿಕೊಂಡೆವು. ಅದು ಬಡಿದುಕೊಳ್ಳುತ್ತಲೇ ಇತ್ತು.

"ಬಂದ್ಲು," ಅಂದರು ಮಾವ. "ಬಾಗ್ಲು ತೆಗೀರೋ."

"ಎಡೆ ಮುಟ್ಟೋ ಹೊತ್ತಪ್ಪ, ಈಗ ತೆಗೀಬಾರ್ದು," ಅಂದರು ನಮ್ಮವರು.

"ಉಣ್ಣೋಳು ಗೇಟಲ್ಲಿ ನಿಂತವಳೆ. ಒಳಗೆ ಯಾರ್ಲಾ ಅವ್ರೆ?"

ನಾನು ಓಡಿ ಬೆರಳಿಟ್ಟೆ. ಹೋಳಿಗೆಯ ತುಪ್ಪ ಹತ್ತಿದ ಬೆರಳು, ಬಾಗಿಲು ಗುರುತು ಹಿಡಿಯಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟೆ, ಕೆಂಪು ದೀಪವೇ ಬಂತು. ಮಾವ ನನ್ನನ್ನು ಸರಿಸಿ ತಮ್ಮ ಬೆರಳು ಒತ್ತಿದರು. ಅವರ ಬೆರಳನ್ನು ಆ ಬಾಗಿಲು ಎಂದೂ ಒಪ್ಪಿದ್ದಿಲ್ಲ. ಬದುಕಿಡೀ ಹುಣಸೆಯ ಹುಳಿ ತಿಂದ ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ನಮ್ಮವರು ಬಂದು ತೆಗೆಯುವಷ್ಟರಲ್ಲಿ ಒಳಗಿನ ಸದ್ದು ನಿಂತಿತು. ತಿರುಗಿ ನೋಡಿದರೆ ಮಾವ ಇರಲಿಲ್ಲ. ಆ ವಯಸ್ಸಿನಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು, ಆ ನುಣುಪಾದ ದಾರಿಯಲ್ಲಿ ಗೇಟಿನ ಕಡೆ ಓಡುತ್ತಿದ್ದರು. ನಾನೂ ಹಿಂದೆ ಓಡಿದೆ.

ಗೇಟಿನಲ್ಲಿ ತಿಪ್ಪೇಸ್ವಾಮಿ ಇರಲಿಲ್ಲ. ಊಟಕ್ಕೆ ಹೋಗಿದ್ದ. ಅವನ ಜಾಗದಲ್ಲಿ ಹೊಸದಾಗಿ ಬಂದ ಬೇರೊಬ್ಬ ಗಾರ್ಡು.

"ಎವರೋ ಮುಸಲಾಮೆ ಸಾರ್," ಅಂದ ಅವನು. ಯಾರೋ ಮುದುಕಿ. "ಹುಣಸೆ ಮಂಡಿಯೋರ ಮನೆ ಅಂದ್ಲು. ಫೋನ್ ಮಾಡ್ದೆ, ನೀವು ತೆಗೀಲಿಲ್ಲ. ಮನೇಲಿ ಯಾರೂ ಇಲ್ಲಮ್ಮ ಅಂದೆ. ಹೋದ್ಲು."

"ಏನು ಸೀರೆ?" ಅಂದರು ಮಾವ.

"ಹಸ್ರೋ ನೀಲೀನೋ. ಸರಿಯಾಗಿ ನೋಡ್ಲಿಲ್ಲ ಸಾರ್."

"ಕೈ? ಕೈ ನೋಡಿದ್ಯಾ?"

ಅವನು ಇದೆಂಥ ಪ್ರಶ್ನೆ ಎಂಬಂತೆ ನನ್ನ ಕಡೆ ನೋಡಿದ. ಮಾವ ರಸ್ತೆಗೆ ಹೋಗಿ ನಿಂತರು. ಒಂದು ಕಡೆ ಊರು, ಇನ್ನೊಂದು ಕಡೆ ಬೆಂಗಳೂರಿನ ದಾರಿ. ಮಳೆ ಶುರುವಾಗಿತ್ತು. ಎರಡು ಕಡೆಯೂ ಲಾರಿಗಳು ಬಿಟ್ಟರೆ ಯಾರೂ ಇರಲಿಲ್ಲ. "ಗೌರೀ" ಎಂದು ಮಾವ ಒಮ್ಮೆ ಕೂಗಿದರು. ಅವರು ಅತ್ತೆಯನ್ನು ಹೆಸರಿಟ್ಟು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನಗೆ ಬುದ್ಧಿ ಇಲ್ಲದೆ ಇಲ್ಲ. ಬೀಜ ಬಿಡಿಸಲು ಬರುತ್ತಿದ್ದ ಗಂಗಮ್ಮನೆಂಬ ಮುದುಕಿ ಪ್ರತಿ ವರ್ಷ ಅಮಾವಾಸ್ಯೆಗೆ ಬಂದು ಅತ್ತೆಯ ಕೈಯಿಂದ ಹೋಳಿಗೆ ಇಸಿದುಕೊಂಡು ಹೋಗುತ್ತಿದ್ದಳು. ಅವಳೇ ಇರಬೇಕು ಎಂದು ಮರುದಿನ ಬಜಾರಿಗೆ ಹೋಗಿ ವಿಚಾರಿಸಿದೆ.

"ನಾನೆಲ್ಲಿ ಬರ್ಲಿ ತಾಯಿ," ಅಂದಳು ಗಂಗಮ್ಮ. "ನಿಮ್ಮ ಆ ಗೇಟ್ನಾಗೆ ನನ್ನ ಬಿಡ್ತಾರಾ? ನೆನ್ನೆ ಹಳೇ ಮನೆ ಕಟ್ಟೆ ಮೇಲೆ ಒಸಿ ಹೊತ್ತು ಕೂತಿದ್ದು ಎದ್ದೋದೆ."

ಬೀಜ ಬಿಡಿಸುವವರು ಬೇರೆಯವರೂ ಇದ್ದರು, ಅವರಲ್ಲಿ ಯಾರಾದರೂ ಇರಬಹುದು. ಹಾಗೆಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವತ್ತು ಮಾತ್ರ ಆ ಖಾಲಿ ಕಟ್ಟೆಯನ್ನು ನೋಡುತ್ತ ನಿಂತಾಗ ಮೈಮೇಲಿನ ಕೂದಲು ಎದ್ದು ನಿಂತಿತು. ಮಾವನಿಗೆ ಗಂಗಮ್ಮನ ಮಾತು ಹೇಳಲಿಲ್ಲ.

ಅಮಾವಾಸ್ಯೆಯಾದ ಮೇಲೆ ಮಾವ ಮೆಟ್ಟಿಲು ನೋಡುವುದನ್ನು ಬಿಟ್ಟರು. ಅದು ಇನ್ನೂ ಕೆಟ್ಟದಾಗಿತ್ತು. ಕರೆಯದೆ ಎಲ್ಲಿಗೂ ಹೋಗದವಳು ಹಟ ಬಿಟ್ಟು ಅಷ್ಟು ದೂರ ನಡೆದು ಬಂದಳು, ಸ್ವಂತ ಮಗನ ಮನೆಯ ಗೇಟಿನಲ್ಲಿ ಅವಳನ್ನು ವಾಪಸು ಕಳಿಸಿದರು. ಇನ್ನು ಅವಳು ಬರುವವಳಲ್ಲ. ಹಳೇ ಮನೆ ಕೆಡವಿದ ಮೇಲೆ ಇರುವುದಾದರೂ ಎಲ್ಲಿ? ಮಾವನ ಎದೆಯಲ್ಲಿದ್ದದ್ದು ಇಷ್ಟೇ. ಅನ್ನದ ಮುಂದೆ ಕೂತವರು ಕೈ ತೊಳೆದುಕೊಂಡು ಏಳುತ್ತಿದ್ದರು. ದಸರಾ ಬಂತು. ಬಜಾರಿನ ಮನೆಯ ಕಿಟಕಿಗಳನ್ನು ಆಗಲೇ ಕಿತ್ತಿದ್ದಾರೆ ಎಂದು ಯಾರೋ ಯಾರ್ಡಿನಲ್ಲಿ ಹೇಳಿದರಂತೆ. ವಿಜಯದಶಮಿಯ ದಿನ ಮಾವ ಹೊಸ ಪಂಚೆ ಉಟ್ಟು ಬಂದು, "ಶೈಲೂ, ದೀಪ ತಗೋ, ನಡಿ," ಅಂದರು.

ನೇರವಾಗಿ ಈರಣ್ಣನ ಮಂಡಿಗೆ ಹೋದರು. ಅಷ್ಟು ವರ್ಷ ಹತ್ತದ ಮೆಟ್ಟಿಲು ಹತ್ತಿ ಅವರ ಗಾದಿಯ ಮುಂದೆ ನಿಂತರು.

"ಈರಣ್ಣ, ಬೀಗದ ಕೈ ಕೊಡು. ನಮ್ಮನೆಯೋಳು ಒಳಗವಳೆ."

ಈರಣ್ಣನವರು ಬಾಯಿ ತೆರೆದು ನೋಡಿದರು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದರು. "ಕೊಡೋದೇನೈತೆ ಮಲ್ಲಣ್ಣ. ನಡಿ, ನಾನೇ ತೆಗೀತೀನಿ. ಗೋಡೆಗೆ ಗುದ್ದಲಿ ಹಾಕೋ ಮುಂಚೆ ಆ ಮನೆಯೋರ್ನ ಒಂದ್ಮಾತು ಕೇಳು ಅಂತ ನಮ್ಮೋಳೂ ಅಂತಾನೇ ಅವಳೆ." ತಕ್ಕಡಿಯ ಜಗಳ ಅಲ್ಲಿಗೆ ಮುಗಿಯಿತು. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಬಾಗಿಲು ತೆಗೆದು ಈರಣ್ಣನವರು ಚಪ್ಪಲಿ ಬಿಟ್ಟು ಕೆಳಗೇ ನಿಂತರು. ಮಾವ ಮೆಟ್ಟಿಲು ಹತ್ತಿದರು, ಹಿಂದೆ ದೀಪ ಹಿಡಿದು ನಾನು. ಕಿಟಕಿ ಕಿತ್ತ ಗೋಡೆಗಳಿಂದ ಬೆಳಕು ಸುರಿಯುತ್ತಿತ್ತು. ಅಡುಗೆಮನೆಯ ಬಾಗಿಲನ್ನೂ ಸರಪಳಿಯನ್ನೂ ಕಿತ್ತೊಯ್ದಿದ್ದರು. ಹುಳಿ ವಾಸನೆ ಮಾತ್ರ ಹಾಗೇ ಇತ್ತು. ನಾನು ಅದನ್ನು ಎದೆ ತುಂಬ ಎಳೆದುಕೊಂಡೆ. ಮಾವ ಮೇಲಿನ ಮೆಟ್ಟಿಲಲ್ಲಿ ನಿಂತು ಕೆಮ್ಮಿದರು.

"ಬಂದೆ ಕಣೇ."

 ಆಮೇಲೆ ಪಕ್ಕದಲ್ಲಿದ್ದವರಿಗೆ ಹೇಳುವಷ್ಟೇ ಮೆಲ್ಲಗೆ ಮಾತಾಡಿದರು. "ತಪ್ಪಾಯ್ತು ಗೌರಿ. ಹಸೂನ ನೆನಪಿಟ್ಕೊಂಡೆ, ನಿನ್ನ ಮರ್ತೆ. ಅಮಾಸೆ ದಿನ ಬಂದಿದ್ದೆ, ಬಾಗ್ಲು ತೆಗೀಲಿಲ್ಲ. ಅದೂ ನಂದೇ ತಪ್ಪು. ಆ ಮನೇಲಿ ನೀನಿಲ್ದೆ ನಂಗೆ ಉಸಿರು ಕಟ್ತೈತೆ ಕಣೇ. ಎದ್ದೇಳು, ಹೋಗಾನ."

ಏನೂ ಆಗಲಿಲ್ಲ. ಗಾಳಿ ಬೀಸಲಿಲ್ಲ, ದೀಪ ಅಲ್ಲಾಡಲಿಲ್ಲ. ಆದರೆ ಇಳಿಯುವಾಗ ಮಾವ ಗೋಡೆಗೆ ಒತ್ತಿಕೊಂಡು, ಮೆಟ್ಟಿಲಿನ ಅರ್ಧ ಜಾಗ ಬಿಟ್ಟು ಇಳಿದರು.

ಆಟೋದಲ್ಲಿ ಮಾವ ಒಂದು ತುದಿಗೆ ಕೂತರು. ನಾನು ಇನ್ನೊಂದು ತುದಿಗೆ, ಮಡಿಲಲ್ಲಿ ದೀಪ. ನಡುವೆ ಖಾಲಿ. ರೈಲ್ವೆ ಗೇಟು ದಾಟುವಾಗ ಗಾಳಿಗೆ ದೀಪ ಆರಿತು. ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಹೊಗೆಯಷ್ಟೇ ಉಳಿದಿತ್ತು.

"ಇರಲಿ ಬಿಡಮ್ಮ," ಅಂದರು ಮಾವ. "ಹಗಲೈತೆ, ದಾರಿ ಕಾಣ್ತೈತೆ."

ನಮ್ಮ ಗೇಟಿನಲ್ಲಿ ಅವತ್ತು ತಿಪ್ಪೇಸ್ವಾಮಿಯೇ ಇದ್ದ. ಆಟೋದೊಳಗೆ ಬಗ್ಗಿ ನೋಡಿದ. ಮಾವನನ್ನು ನೋಡಿದ, ಆರಿದ ದೀಪ ನೋಡಿದ, ನಡುವಿನ ಖಾಲಿ ಜಾಗ ನೋಡಿದ. ಹಿಂದೆ ಸರಿದು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಗ್ರಾನೈಟಿನವರ ದೊಡ್ಡ ಕಾರಿಗೂ ಅವನು ಹಾಗೆ ಹೊಡೆದದ್ದನ್ನು ನಾನು ಕಂಡಿಲ್ಲ.

"ಬನ್ನಿ ಅಮ್ಮಾ," ಅಂದ. ಗೋಲು ಮೇಲೆದ್ದಿತು. ಮಾವ ಮುಖ ಮುಚ್ಚಿಕೊಂಡು ಅತ್ತರು.

ಮರುದಿನ ಸಂಜೆ ಯಾರ್ಡಿನಿಂದ ಬಂದು, ಹಾಲಿನಲ್ಲಿ ನಿಂತು, ಕೆಮ್ಮಿ, "ಬಂದೆ ಕಣೇ" ಅಂದರು. ದನಿ ಸುತ್ತು ಹೊಡೆಯಿತೋ ಇಲ್ಲವೋ ನಾನು ಗಮನಿಸಲಿಲ್ಲ. ನಾನೇ ಅಡುಗೆಮನೆಯಲ್ಲಿ ಒಂದು ಲೋಟ ತೆಗೆದು ಕಟ್ಟೆಯ ಮೇಲೆ ಕುಕ್ಕಿದೆ. ಅದಾಗಿ ಕೆಲವು ದಿನಕ್ಕೆ, ಬೇಕೆಂದಲ್ಲ, ನಿಜವಾಗಿಯೂ ಸಾರಿಗೆ ಉಪ್ಪು ಮರೆತೆ. ಕುತ್ತಿಗೆ ಬಿಸಿಯಾಯಿತು. ಸದ್ಯ ಬಂದಿರಲ್ಲ ಎಂದು ಬಾಯಿಬಿಟ್ಟೇ ಹೇಳಿ ಉಪ್ಪು ಹಾಕಿದೆ.

ಎರಡು ಚಳಿಗಾಲದ ಹಿಂದೆ ಮಾವ ತೀರಿಕೊಂಡರು. ಮಹಡಿಯ ತಮ್ಮ ಕೋಣೆಯಲ್ಲೇ, ನಿದ್ದೆಯಲ್ಲೇ. ಬಜಾರಿನ ಮನೆ ಇದ್ದಲ್ಲಿ ಈಗ ಗಾಜಿನ ಶೋರೂಮು. ಇವತ್ತು ಗಡಿಗೆ ತೊಳೆದು ಬೋರಲು ಹಾಕಿ, ಸಂಜೆ ನಾನೊಬ್ಬಳೇ ಗೇಟಿಗೆ ಹೋದೆ. ತಿಪ್ಪೇಸ್ವಾಮಿಯ ತಲೆ ನರೆತಿದೆ. ಈಗ ಅವನೇ ಗಾರ್ಡುಗಳಿಗೆಲ್ಲ ಮೇಲಿನವನು.

"ನಾಳೆ ಅಮಾವಾಸ್ಯೆ ತಿಪ್ಪೇಸ್ವಾಮಿ," ಅಂದೆ. "ಈ ಸಲಾನೂ ಇಬ್ರು ಬರ್ತಾರೆ. ಹೊಸ ಗಾರ್ಡಿಗೆ ಹೇಳಿಡು, ತಡೀಬಾರ್ದು."

"ಅವ್ರು ಹೊರಗಿಂದ ಯಾಕ್ ಬತ್ತಾರಕ್ಕ?" ಅಂದ ಅವನು. "ಒಳಗೇ ಅವ್ರಲ್ಲ. ದಿನಾ ಮುಸ್ಸಂಜೆ ಆ ದಾರಿ ದೀಪ ಸಾಲಾಗಿ ಹತ್ಕೊಂಡು ಬತ್ತವೆ. ಯಾರೂ ಕಾಣಲ್ಲ. ನಾನು ಎದ್ದು ನಿಂತ್ಕಂತೀನಿ."

ನಾನು ಮನೆಯ ಕಡೆ ತಿರುಗಿದೆ. ಮುಂದೆ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ನನಗಾಗಿಯೇ ಇರಬೇಕು. ದಾರಿಯ ನಡುವೆ ನಡೆಯುತ್ತಿದ್ದವಳು ಒಂದು ಪಕ್ಕಕ್ಕೆ ಸರಿದು, ಜಾಗ ಬಿಟ್ಟು ನಡೆದೆ.